ಸಹಾಯ ಬೇಕು: ಅಜ್ಜ ಅಜ್ಜಿ ಜೊತೆ ವಿಮಾನದಲ್ಲಿ ಹೋಗುವ ಮಕ್ಕಳಿಗೆ ಯಾವ ದಾಖಲೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕ. ಬರುವ ತಿಂಗಳು ನನ್ನ ಅಪ್ಪ ಅಮ್ಮ ನಮ್ಮ ಇಬ್ಬರು ಮಕ್ಕಳನ್ನು ಮಂಗಳೂರಿನಿಂದ ಮುಂಬೈಗೆ ಕರೆದುಕೊಂಡು ಬರಲಿಕ್ಕುಂಟು. ನಾವಿಬ್ಬರೂ ಕೆಲಸದ ಕಾರಣ ಇಲ್ಲೇ ಮುಂಬೈಯಲ್ಲಿ ಇದ್ದೇವೆ.

ದೊಡ್ಡವನಿಗೆ ಏಳು ವರ್ಷ, ಆಧಾರ್ ಇದೆ. ಅವನ ಚಿಂತೆ ಇಲ್ಲ. ಸಣ್ಣವಳದ್ದೇ ತಲೆಬಿಸಿ. ಎರಡು ವರ್ಷ ತುಂಬಿಲ್ಲ, ಹಾಗಾಗಿ ಮಡಿಲಲ್ಲಿ ಕೂರಿಸುವ ಟಿಕೆಟ್. ಅದಕ್ಕೆ ವಯಸ್ಸಿನ ದಾಖಲೆ ತೋರಿಸಬೇಕಲ್ವಾ? ಐದು ವರ್ಷದೊಳಗಿನವರಿಗೆ ಕೊಡುವ ನೀಲಿ ಆಧಾರ್ ಇನ್ನೂ ಆಗಿಲ್ಲ. ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಜನನ ಪ್ರಮಾಣಪತ್ರ ಇದೆ, ಆದರೆ ಅದರಲ್ಲಿ ಮಗುವಿನ ಹೆಸರು ಸೇರಿಸಿಲ್ಲ. ಹುಟ್ಟಿದ ತಾರೀಕು, ನಮ್ಮಿಬ್ಬರ ಹೆಸರು ಮಾತ್ರ ಇದೆ. ಅದು ನಡೆಯುತ್ತದಾ, ಅಥವಾ ಹೆಸರು ಸೇರಿಸಿಯೇ ಹೊರಡಬೇಕಾ?

ಇನ್ನೊಂದು ವಿಷಯ. ದೊಡ್ಡವರ ಬಳಿ ಗುರುತಿನ ಚೀಟಿ ಇದ್ದರೆ ಜೊತೆಗಿರುವ ಮಕ್ಕಳಿಗೆ ಬೇರೆ ಬೇಡ ಎನ್ನುತ್ತಾರೆ. ಅಪ್ಪ ಅಮ್ಮನ ಬದಲು ಅಜ್ಜ ಅಜ್ಜಿ ಇದ್ದರೂ ಹಾಗೆಯೇನಾ? ನಾವು ಸಹಿ ಹಾಕಿದ ಒಪ್ಪಿಗೆ ಪತ್ರ ಕಳಿಸಬೇಕಾ? ಅವರಿಗೆ ಇದು ಮೊದಲ ವಿಮಾನ ಪ್ರಯಾಣ. ಗೇಟಿನಲ್ಲಿ ತಡೆದರೆ ಗಾಬರಿಯಾಗುತ್ತಾರೆ.

ಮಂಗಳೂರು ಅಥವಾ ಕಣ್ಣೂರಿನಿಂದ ಇತ್ತೀಚೆಗೆ ಹೀಗೆ ಮಕ್ಕಳನ್ನು ಕಳಿಸಿದವರಿದ್ದರೆ ದಯವಿಟ್ಟು ತಿಳಿಸಿ. ಯಾವ ಕಾಗದದ ಅಸಲು ಪ್ರತಿ ಕೇಳಿದರು, ಯಾವುದು ಫೋನಿನಲ್ಲಿ ತೋರಿಸಿದರೆ ಸಾಕಾಯಿತು ಎಂದೂ ಬರೆಯಿರಿ.