ಮೊದಲ ಸಲ ಕಾಡಿನ ಅಣಬೆ ಹುಡುಕಲು ಹೋಗ್ತಿದ್ದೇನೆ, ಏನು ನೋಡಬೇಕು?

ಪ್ರಶ್ನೆ: ಮುಂದಿನ ವಾರ ತೀರ್ಥಹಳ್ಳಿ ಹತ್ತಿರ ಅತ್ತೆ ಮನೆಗೆ ಹೋಗುತ್ತಿದ್ದೇನೆ. ತೋಟದ ಮೇಲಿನ ಹಕ್ಕಲಿನಲ್ಲಿ (ಕುರುಚಲು ಕಾಡಿನಲ್ಲಿ) ಹೆಗ್ಗಾಲಣಬೆ ಎದ್ದಿದೆಯಂತೆ. ನಾನೋ ಅಂಗಡಿಯ ಬಟನ್ ಅಣಬೆ ಬಿಟ್ಟು ಬೇರೆ ಮುಟ್ಟಿದವಳಲ್ಲ. ಬೆಳ್ಳಿ ಚಮಚ ಹಾಕಿ ಬೇಯಿಸಿದರೆ ವಿಷ ಗೊತ್ತಾಗುತ್ತಂತೆ, ನಿಜಾನಾ?

ಉತ್ತರ 1: ಚಮಚದ ಮಾತು ಬಿಡಿ ಮಾರಾಯ್ರೆ, ಅದೆಲ್ಲ ಸುಮ್ನೆ. ಎಷ್ಟು ಬೇಯಿಸಿದರೂ ಕೆಲವು ವಿಷ ಹೋಗುವುದೇ ಇಲ್ಲ. ಹೆಗ್ಗಾಲು ಏಳುವುದು ಗೆದ್ದಲು ಇರುವ ಜಾಗದಲ್ಲಿ. ಸರಕ್ಕನೆ ಕೀಳಬೇಡಿ, ಕೋಲಿನಿಂದ ಸುತ್ತಲಿನ ಮಣ್ಣು ಬಿಡಿಸಿ. ಕಾಲು ಸಣ್ಣಗಾಗುತ್ತಾ ಗೆದ್ದಲಿನ ಗೂಡಿನವರೆಗೂ ಬೇರಿನ ಹಾಗೆ ಇಳಿದಿರುತ್ತೆ. ಬುಡದಲ್ಲಿ ಚೀಲದಂಥ ಪೊರೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಪ್ಲಾಸ್ಟಿಕ್ ಕವರ್ ಬೇಡ, ಬೆವತು ಕೊಳೆಯುತ್ತೆ. ಬಿದಿರಿನ ಬುಟ್ಟಿ ಒಯ್ಯಿರಿ. ಇಂಬಳ (ಜಿಗಣೆ) ಹತ್ತಿದರೆ ಹಾಕಲು ಉಪ್ಪೂ ಇರಲಿ.

ಉತ್ತರ 2: ರಾತ್ರಿ ಒಂದು ಅಣಬೆಯ ಕೊಡೆಯನ್ನು ಬಿಳಿ ಕಾಗದದ ಮೇಲೆ ಕವುಚಿ, ಲೋಟ ಮುಚ್ಚಿಡಿ. ಬೆಳಗ್ಗೆ ಕಾಗದದ ಮೇಲೆ ಉದುರಿದ ಪುಡಿ ಹೆಗ್ಗಾಲಿನದಾದರೆ ನಸುಗುಲಾಬಿ ಇರುತ್ತೆ. ಹಸಿರು ಬಿದ್ದರೆ ಎಸೆಯಿರಿ. ಗುಲಾಬಿ ಬಿತ್ತು ಅಂತ ಕಣ್ಣುಮುಚ್ಚಿ ತಿನ್ನಲೂಬೇಡಿ, ಊರಿನ ಹಿರಿಯರಿಗೆ ತೋರಿಸಿ. ತಿಂದು 6-12 ಗಂಟೆ ಆದಮೇಲೆ ವಾಂತಿ, ಭೇದಿ ಶುರುವಾದರೆ ಅದು ಲಿವರಿಗೇ ಕುತ್ತು ತರುವ ಜಾತಿ ಇರಬಹುದು. ನಡುವೆ ಆರಾಮ ಅನ್ನಿಸಿದರೂ ನಂಬಬೇಡಿ. ಉಳಿದ ಅಣಬೆ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ಉತ್ತರ 3: ಹಕ್ಕಲು ದಾಟಿ ಅಭಯಾರಣ್ಯದೊಳಗೆ ಹೋಗಬೇಡಿ, ಅಲ್ಲಿ ಏನೂ ಕೀಳುವಂತಿಲ್ಲ.

ಕೇಳಿದವಳು: ಥ್ಯಾಂಕ್ಸ್. ಅತ್ತೆಗೆ ಫೋನ್ ಮಾಡಿದೆ, ಪಕ್ಕದ ಮನೆ ಅಜ್ಜಿಯೂ ಬರ್ತಾರಂತೆ. ಸಾರಿಗೆ ಕಾಯಿ ಹುರಿದು ಹಾಕೋದಾ, ಹಸಿದಾ?