ಹತ್ತಿಗೆ ಫ್ಯೂಚರ್ಸ್ ಹಾಕಬಹುದಾ? ರಾಯಚೂರು ಸೀಮೆಯವರ ಅನುಭವ

ಸಿರವಾರ ಕಡೆಯ ರೈತರ ಪ್ರಶ್ನೆ: ಹತ್ತು ಎಕರೆ ಹತ್ತಿ ಇದೆ, 80 ಕ್ವಿಂಟಲ್ ಆಗಬಹುದು. ಬಿಡಿಸಿ ರಾಯಚೂರು ಎಪಿಎಂಸಿಗೆ ಒಯ್ಯುವ ಹೊತ್ತಿಗೆ ದರ ಬಿದ್ದಿರುತ್ತೆ. ಈಗಲೇ ಫ್ಯೂಚರ್ಸ್‌ನಲ್ಲಿ, ಅಂದ್ರೆ ಮುಂದಿನ ತಿಂಗಳ ಮಾಲಿಗೆ ಇವತ್ತೇ ದರ ಕಟ್ಟುವ ಸೌದಾದಲ್ಲಿ, ಮಾರಿಟ್ಟರೆ ದರ ಗಟ್ಟಿ ಅಂತ ಒಬ್ಬ ಬ್ರೋಕರ್ ಹೇಳ್ತಿದ್ದಾರೆ. ಮಾಡಿ ನೋಡಿದವರು ಹೇಳಿ.

ಮಾನ್ವಿಯಿಂದ: ನಮ್ಮ ರೈತ ಉತ್ಪಾದಕ ಕಂಪನಿಯಲ್ಲಿ ಹತ್ತಿ ಸೌದಾ ನೋಡಿಕೊಳ್ಳೋನು ನಾನು. ದರ ಗಟ್ಟಿ ಅನ್ನೋದು ಅರ್ಧ ನಿಜ, ಗಟ್ಟಿಯಾಗೋದು ಗುಜರಾತಿನ ರಾಜ್‌ಕೋಟ್ ದರ. ಎನ್‌ಸಿಡಿಇಎಕ್ಸ್ ಅನ್ನೋ ಸರಕು ವಿನಿಮಯ ಕೇಂದ್ರದ ಕಪಾಸ್ (ಬೀಜ ಸಮೇತ ಹತ್ತಿ) ಸೌದಾ ಅಲ್ಲಿಯ ಮಾಲಿನ ಮೇಲೆ, 20 ಕೆಜಿ ಲೆಕ್ಕದಲ್ಲಿ ನಡೆಯುತ್ತೆ. ಬಿಡಿಸೋ ಹೊತ್ತಲ್ಲಿ ಮಳೆ ಹಿಡಿದು ನಮ್ಮ ಹತ್ತಿ ನೆನೆದರೆ ರಾಯಚೂರಲ್ಲಿ ದರ ಇಳಿಯುತ್ತೆ, ರಾಜ್‌ಕೋಟ್ ಕದಲಬೇಕು ಅಂತೇನಿಲ್ಲ. ಆ ನಷ್ಟವನ್ನು ಫ್ಯೂಚರ್ಸ್ ತುಂಬಿಕೊಡಲ್ಲ. ಇನ್ನೊಂದು ವಿನಿಮಯ ಕೇಂದ್ರ ಎಂಸಿಎಕ್ಸ್‌ನ ಅರಳೆ ಬೇಲಿನ (ಬೀಜ ತೆಗೆದ ಹತ್ತಿ) ಸೌದಾ ಕಡೆ ನೋಡಲೇಬೇಡಿ: ಒಂದು ಲಾಟ್, ಅಂದ್ರೆ ಒಂದು ಸಲಕ್ಕೆ ಮಾಡಬೇಕಾದ ಕನಿಷ್ಠ ಸೌದಾ, 48 ಕ್ಯಾಂಡಿ, ಸುಮಾರು 17 ಟನ್. ಅದು ಜಿನ್ನಿಂಗ್ ಮಿಲ್ಲಿನವರಿಗೆ.

ಇನ್ನು ದುಡ್ಡಿನ ಮಾತು. ಕಪಾಸ್ ಲಾಟ್ 4 ಟನ್, ಅಂದ್ರೆ 40 ಕ್ವಿಂಟಲ್, ನಿಮ್ಮದು ಎರಡು ಲಾಟ್. ನೀವು ಮಾರಿಟ್ಟ ಮೇಲೆ 20 ಕೆಜಿಗೆ 50 ರೂಪಾಯಿ ಏರಿತು ಅಂದುಕೊಳ್ಳಿ. ಲಾಟಿಗೆ 10,000, ಎರಡಕ್ಕೆ 20,000 ಕೂಡಲೇ ಬ್ರೋಕರ್ ಹತ್ತಿರ ತುಂಬಬೇಕು. ಮತ್ತೆ ಏರಿದರೆ ಮತ್ತೆ ತುಂಬಬೇಕು. ನಿಮ್ಮ ಹೊಲದ ಹತ್ತಿಗೂ ಬೆಲೆ ಏರಿರುತ್ತೆ, ಸರಿ, ಆದರೆ ಆ ದುಡ್ಡು ಕೈಗೆ ಬರೋದು ಮಾರಿದ ಮೇಲೆ. ಅಷ್ಟರೊಳಗೆ ತುಂಬಲಾಗದಿದ್ದರೆ ಬ್ರೋಕರ್ ಸೌದಾ ಮುರಿದು ಹಾಕ್ತಾರೆ. ಹೀಗೆ ಕಟ್ಟೋ ಠೇವಣಿ ದುಡ್ಡಿಗೆ (ಮಾರ್ಜಿನ್) ಬಡ್ಡಿ ಸಾಲ ತರೋ ಹಾಗಿದ್ದರೆ ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. 80ಕ್ಕೆ 80 ಅಂತೂ ಬೇಡವೇ ಬೇಡ. ಗುಲಾಬಿ ಕಾಯಿಕೊರಕ ಬಿದ್ದು ಇಳುವರಿ 50ಕ್ಕೆ ಬಂದರೆ ಉಳಿದ 30 ಕ್ವಿಂಟಲ್‌ಗೆ ಕೈಯಲ್ಲಿ ಮಾಲೇ ಇಲ್ಲ, ಅದು ಬರೀ ಜೂಜು.

ನಿಮಗೆ ಮೊದಲ ರಕ್ಷಣೆ ಬೆಂಬಲ ಬೆಲೆ. 2025-26ಕ್ಕೆ ಕ್ವಿಂಟಲಿಗೆ ಉದ್ದ ಎಳೆಗೆ 8,110, ಮಧ್ಯಮ ಎಳೆಗೆ 7,710 ರೂಪಾಯಿ ಇತ್ತು. ವಿನಿಮಯ ಕೇಂದ್ರದ ಪುಟ್ ಆಪ್ಷನ್ ಅನ್ನೋ ಸೌದಾ ಕೊಡೋದೂ ಇದನ್ನೇ: ಇಷ್ಟಕ್ಕೆ ಮಾರೋ ಹಕ್ಕು ಇರುತ್ತೆ, ದರ ಮೇಲೆ ಹೋದರೆ ಹೊರಗೆ ಮಾರಬಹುದು. ಅಲ್ಲಿ ಆ ಹಕ್ಕಿಗೆ ಬೆಲೆ (ಪ್ರೀಮಿಯಂ) ಕಟ್ಟಬೇಕು, ಬೆಂಬಲ ಬೆಲೆಗೆ ಕೊಳ್ಳೋ ಸಿಸಿಐ (ಭಾರತೀಯ ಹತ್ತಿ ನಿಗಮ) ಕೇಂದ್ರದಲ್ಲಿ ಕಟ್ಟಬೇಕಾದ್ದು ಒಣಗಿಸೋ ಶ್ರಮ. ತೇವ ಶೇ 8 ಇದ್ದರೆ ಪೂರ್ತಿ ದರ, ಮೇಲೆ ಹೋದಂತೆ ಕಡಿತ, 12 ದಾಟಿದರೆ ವಾಪಸ್. ಇಬ್ಬನಿ ಆರಿದ ಮೇಲೆ ಬಿಡಿಸಿ. ತಾಡಪಾಲ್ ಮೇಲೆ ತೆಳ್ಳಗೆ ಹರವಿ. ರಾಶಿಯ ನಡುವಿನಿಂದ ಹಿಡಿ ಹತ್ತಿ ತೆಗೆದು ಬೀಜ ಹಲ್ಲಲ್ಲಿ ಕಡಿದು ನೋಡಿ: ಟಕ್ ಅಂತ ಒಡೆದರೆ ಒಯ್ಯಿರಿ, ಮೆತ್ತಗಿದ್ದರೆ ಇನ್ನೊಂದು ಬಿಸಿಲು ಬೇಕು. ಸಿಸಿಐನ ಕಪಾಸ್ ಕಿಸಾನ್ ಆಪ್‌ನಲ್ಲಿ ನೋಂದಣಿ ಬಿಡಬೇಡಿ.

ಕಾರಟಗಿಯಿಂದ: ನಮ್ ಭತ್ತದೋರಿಗೆ ಫ್ಯೂಚರ್ಸ್ ಸಿಗ್ಲೇ ಇಲ್ರೀ. 2021ರ ಡಿಸೆಂಬರ್‌ದಾಗ ಈ ಪ್ಯಾಟಿ ಮ್ಯಾಲೆ ನಿಗಾ ಇಡೋ ಸೆಬಿ ಭತ್ತ, ಕಡಲಿ, ಹೆಸರು ಸೇರಿ ಏಳು ಸರಕು ನಿಲ್ಲಿಸಿ, ಮ್ಯಾಲಿಂದ ಮ್ಯಾಲೆ ಅವಧಿ ಹೆಚ್ಚಿಸ್ತು. ತೊಗರಿದಂತೂ 2007ರಾಗೇ ನಿಂತದ. ನಾವು ಸೋನಾ ಮಸೂರಿ ಗೋದಾಮಿಗೆ ಹಾಕಿ ರಸೀದಿ ಮ್ಯಾಲೆ ಸಾಲ ತಗೋತೀವಿ, ಸುಗ್ಗಿಯಾಗ ಅಗ್ಗಕ್ಕ ಮಾರೋ ಕಷ್ಟ ತಪ್ಪತದ. ಬಾಡಿಗಿ, ಬಡ್ಡಿ, ಒಣಗಿ ಇಳಿಯೋ ತೂಕ, ಮೂರೂ 75 ಕೆಜಿ ಚೀಲಕ್ಕ ಎಷ್ಟು ಬೀಳ್ತದ ನೋಡ್ಕೊಂಡೇ ಇಡ್ರಿ.

ಸಿರುಗುಪ್ಪದಿಂದ: ಮಾನ್ವಿಯವರು ತುಸು ಹೆಚ್ಚೇ ಹೆದರಿಸಿದರು ಅನ್ನಿಸ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಹತ್ತಿಯ ಶೇ 11 ಆಮದು ಸುಂಕ ತೆಗೆದು ಡಿಸೆಂಬರ್ ಕೊನೆವರೆಗೂ ಬಿಟ್ಟಿತು, ನಮ್ಮ ಬೆಳೆ ಮಾರುಕಟ್ಟೆಗೆ ಬರೋ ತಿಂಗಳುಗಳೇ ಅವು, ದರ ಬೀಳೋ ಭಯ ಸುಳ್ಳಲ್ಲ. ಬೆಂಬಲ ಬೆಲೆ ನಂಬಿ ಖರೀದಿ ಕೇಂದ್ರದ ಸರದಿಯಲ್ಲಿ ನಿಂತವರ ಪಾಡೂ ಗೊತ್ತಲ್ಲ. ಕೈಯಲ್ಲಿ ಸ್ವಂತ ದುಡ್ಡಿದ್ದವರು ಒಂದು ಲಾಟ್ ಮಾರಿಡೋದು ತಪ್ಪಲ್ಲ.

ಮಾನ್ವಿಯಿಂದ: ಸ್ವಂತ ದುಡ್ಡಿದ್ದರೆ ಒಂದು ಲಾಟಿಗೆ ನನ್ನ ತಕರಾರಿಲ್ಲ. ಹಿಂದಿನ ಸೀಸನ್‌ಗಳ ರಾಜ್‌ಕೋಟ್, ರಾಯಚೂರು ದರ ಪಕ್ಕಪಕ್ಕ ಬರೆದು ಅಂತರ ಎಷ್ಟು ಅಲುಗಾಡುತ್ತೆ ನೋಡಿ, ಆಮೇಲೆ ಹಾಕಿ. ಎಪಿಎಂಸಿಯಲ್ಲಿ ಹತ್ತಿ ತೂಗಿದ ದಿನವೇ ಫ್ಯೂಚರ್ಸ್‌ನಲ್ಲಿ ಮಾರಿದ್ದನ್ನೂ ವಾಪಸ್ ಕೊಂಡು ಸೌದಾ ಮುಗಿಸಿಬಿಡಿ. ಇನ್ನೂ ಬೀಳುತ್ತೆ, ಲಾಭ ಬರಲಿ ಅಂತ ಇಟ್ಟುಕೊಳ್ಳಿ ಅಂತ ಬ್ರೋಕರ್ ಅಂದರೂ ಒಪ್ಪಬೇಡಿ.