ಕಾಪಿರೈಟ್ ಸರ್ಟಿಫಿಕೇಟ್ ಕಳೆದಿದೆ, ಜೆರಾಕ್ಸ್ ಕೋರ್ಟಿನಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ಮೇಡಂ, ನಾನು ಧಾರವಾಡದಲ್ಲಿ ಶಿಕ್ಷಕಿ. ನಾನು ಬರೆದ ಮಕ್ಕಳ ನಾಟಕವನ್ನು 2019ರಲ್ಲಿ ನೋಂದಣಿ ಮಾಡಿಸಿದ್ದೆ. ಈಗ ಒಬ್ಬರು ಅದನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದಾರೆ. 14ನೇ ಪುಟದಲ್ಲಿ ಗೌರಿಯ ಮಾತಿಗೆ ನಾನು ತಪ್ಪಿ ‘ಗಂಗಾ’ ಎಂದು ಟೈಪ್ ಮಾಡಿದ್ದೆ. ನಾಟಕದಲ್ಲಿ ಗಂಗಾ ಎಂಬ ಪಾತ್ರವೇ ಇಲ್ಲ. ಅವರ ಪುಸ್ತಕದಲ್ಲೂ ಆ ಮಾತು ಗಂಗಾಳದ್ದೇ! ಸರ್ಟಿಫಿಕೇಟ್ ಮನೆ ಬದಲಿಸುವಾಗ ಕಳೆದುಹೋಯಿತು, ಜೆರಾಕ್ಸ್ ಮಾತ್ರ ಇದೆ.

ಉತ್ತರ (ವಕೀಲರು): ಜೆರಾಕ್ಸ್ ನಂಬಿಕೊಂಡು ಹೋಗಬೇಡಿ ಅಮ್ಮ. 1957ರ ಕಾಪಿರೈಟ್ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಕಾಪಿರೈಟ್ ಕಚೇರಿಯ ರಿಜಿಸ್ಟರಿನಲ್ಲಿರುವ ನಿಮ್ಮ ನೋಂದಣಿಯ ನಕಲು ಪಡೆಯಬಹುದು. ರಿಜಿಸ್ಟ್ರಾರ್ ದೃಢೀಕರಿಸಿ ಕಚೇರಿಯ ಮೊಹರು ಒತ್ತಿದ ನಕಲಾದರೆ, 48ನೇ ಸೆಕ್ಷನ್ ಪ್ರಕಾರ ಮೂಲ ದಾಖಲೆ ಹಾಜರುಪಡಿಸದೆಯೂ ಎಲ್ಲ ಕೋರ್ಟುಗಳಲ್ಲಿ ಸಾಕ್ಷ್ಯವಾಗಿ ನಡೆಯುತ್ತದೆ. ಅದನ್ನು ನಿ.ಪಿ.1 (ವಾದಿಯ ಕಡೆಯ ಮೊದಲ ದಾಖಲೆ) ಎಂದು ಗುರುತು ಮಾಡಿಸಲು ದೆಹಲಿಯ ಆ ಕಚೇರಿಯಿಂದ ಅಧಿಕಾರಿ ಬಂದು ಸಾಕ್ಷಿ ಹೇಳಬೇಕಿಲ್ಲ.

ಆದರೆ ಅದು ಮೇಲ್ನೋಟದ ಸಾಕ್ಷ್ಯ ಅಷ್ಟೆ, ಪ್ರತಿವಾದಿ ಅಲ್ಲಗಳೆಯಬಹುದು. ಅದಕ್ಕಿಂತ ನನಗೆ ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ಆ ಹಾಳೆಯಲ್ಲಿ ಕೃತಿಯ ಹೆಸರು, ಭಾಷೆ, ಕರ್ತೃ, ಪ್ರಕಟವಾಗಿದೆಯೋ ಇಲ್ಲವೋ ಎಂಬ ವಿವರ ಇರುತ್ತದೆ. ನಾಟಕದ ಒಂದು ಸಾಲೂ ಇರುವುದಿಲ್ಲ. ನಿಮ್ಮ ಕೇಸಿನ ಜೀವವೇ ಆ ‘ಗಂಗಾ’. 2019ರಲ್ಲೇ ಆ ತಪ್ಪು ನಿಮ್ಮ ಪ್ರತಿಯಲ್ಲಿತ್ತು ಎಂದು ತೋರಿಸಬೇಕು. ಹಾಗಾಗಿ ಅರ್ಜಿಯ ಜೊತೆ ಕಚೇರಿಗೆ ಕೊಟ್ಟಿದ್ದ ನಾಟಕದ ಪ್ರತಿಯ ದೃಢೀಕೃತ ನಕಲನ್ನೂ ಕೇಳಿ. ಸಿಗದಿದ್ದರೆ, ಆ ಕಡತ ತರಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 16ರ ಅಡಿ ಕೋರ್ಟಿನಿಂದ ಸಮನ್ಸ್ ಹೊರಡಿಸಲು ಕೋರಬಹುದು.

ಪ್ರಶ್ನೆ: ಟೈಪ್ ಮಾಡಿದ ಫೈಲ್ ಹಳೇ ಲ್ಯಾಪ್‌ಟಾಪಿನಲ್ಲಿದೆ. ಪ್ರಿಂಟ್ ತೆಗೆದುಕೊಟ್ಟರೆ ಸಾಕೇ?

ಉತ್ತರ: ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಲಗತ್ತಿಸಬೇಕು, ಅದಕ್ಕೆ ತಜ್ಞರ ಸಹಿಯೂ ಬೇಕು. ಅಲ್ಲಿಯವರೆಗೆ ಆ ಫೈಲನ್ನು ದಯವಿಟ್ಟು ತಿದ್ದಬೇಡಿ. ‘ಗಂಗಾ’ ಹಾಗೇ ಇರಲಿ.

ಇನ್ನೊಬ್ಬರ ಪ್ರಶ್ನೆ: ನೋಂದಣಿಯನ್ನೇ ಮಾಡಿಸದವರು ಏನು ಮಾಡಬೇಕು ಮೇಡಂ?

ಉತ್ತರ: ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. 2021ರಲ್ಲಿ ಸಂಜಯ್ ಸೋಯಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಮೊಹರಿನ ನಕಲು ಇಲ್ಲದಾಗ ಹಸ್ತಪ್ರತಿ, ಪತ್ರ, ಸಾಕ್ಷಿಗಳಿಂದಲೇ ಎಲ್ಲವನ್ನೂ ಸಾಬೀತು ಮಾಡಬೇಕಾಗುತ್ತದೆ.

ಶಿಕ್ಷಕಿಯವರೇ, ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಧಾರವಾಡದ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಇವತ್ತೇ ಅವರ ಪುಸ್ತಕದ ಒಂದು ಪ್ರತಿ ಕೊಂಡು, ಬಿಲ್ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.